ಗಾರೆ ಮೆತ್ತಿದ ಊರು

ತುರ್ಕಿಯ ಆ ಪುಟ್ಟ ಊರಿನ ಅಜ್ಜಂದಿರು ಹೊಲ ಉಳುವಾಗ ಸಿಕ್ಕ ಹಳೆಯ ಕೆತ್ತನೆ ಕಲ್ಲುಗಳಿಂದಲೇ ಮನೆ ಕಟ್ಟಿಕೊಂಡಿದ್ದರು. ಅದು ಕಣ್ಣಿಗೆ ಬಿದ್ದರೆ ಸರ್ಕಾರ ಮನೆಯನ್ನೇ ಕಿತ್ತುಕೊಳ್ಳುತ್ತದೆಂದು ಎಲ್ಲರಿಗೂ ಭಯ. ಪುರಾತತ್ವ ಇಲಾಖೆಯವರು ಬರುತ್ತಾರೆಂದು ಕೇಳಿದ್ದೇ ತಡ, ಊರಿಗೆ ಊರೇ ಗೋಡೆಗೆ ಗಾರೆ ಮೆತ್ತಿತು. ರಿಫತ್ ಕೂಡ ಒಲೆ ಪಕ್ಕದ ಸಿಂಹದ ಮುಖವನ್ನು ಮುಚ್ಚಿ ಸುಣ್ಣ ಬಳಿದ. ಆದರೂ ನಿಂತಲ್ಲಿ ನಿಲ್ಲಲಾರ.

"ಒಂದು ಕಡೆ ಕೂತ್ಕೊಳ್ರೀ. ಗೋಡೆ ಸುಮ್ಮನಿದ್ರೂ ನಿಮ್ಮ ಮುಖಾನೇ ಹೇಳಿಬಿಡುತ್ತೆ," ಎಂದು ಹೆಂಡತಿ ಗದರಿದಳು.

ಅಧಿಕಾರಿ ಬಂದು ಚಹಾ ಕುಡಿದ. "ನಿಮ್ಮನೇಲೂ ಹಳೇ ಕಲ್ಲು ಇಲ್ವಾ?"

"ಅಲ್ಲಾನ ಆಣೆಗೂ ಇಲ್ಲ ಸಾಹೇಬ್ರೇ."

ಅಧಿಕಾರಿ ನಿಟ್ಟುಸಿರು ಬಿಟ್ಟ. "ಇದೇ ಕಡೇ ಮನೆ. ಒಂದೇ ಒಂದು ಸಿಕ್ಕಿದ್ರೂ ಇಲ್ಲಿ ಅಣೆಕಟ್ಟು ಬೇಡ ಅಂತ ಬರೀತಿದ್ದೆ. ಇನ್ನು ಊರು ಮುಳುಗೋದೇ."

ಹೆಂಡತಿ ಎದ್ದಳು. "ರೀ, ಹಾರೆ ಎಲ್ಲಿಟ್ಟಿದ್ದೀರಿ?"