ಸೊಳ್ಳೆಪರದೆಯ ಎರಡು ಕೋಲು

ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ ಮೊಗ್ಗಿನ ವಾಸನೆ ಎಂದರೆ ಅಮೃತಾಗೆ ಅಪ್ಪನ ನೆನಪು. ಹಡಗಲಿಯಲ್ಲಿ ಬಸ್ಸಿಗೆ ಹೂವಿನ ಬುಟ್ಟಿ ಏರಿಸಿ ಬಂದವನು ಅದೇ ಅಂಗೈಯಲ್ಲಿ ಮಗಳ ಕೆನ್ನೆ ಸವರುತ್ತಿದ್ದ. ಈಗ ಆ ವಾಸನೆ ಗಂಡನ ಅಂಗೈಯಿಂದ ಬರುತ್ತಿತ್ತು. ಅವಳ ಮುಡಿಯಲ್ಲಿ ಮಾತ್ರ ಹೂವಿರಲಿಲ್ಲ.

ಆ ವಾಸನೆಯೂ ಭಾನುವಾರ ಸಂಜೆ ಮಾತ್ರ.

ಗವಿಸಿದ್ದೇಶ ಹಗರಿಬೊಮ್ಮನಹಳ್ಳಿಯ ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದ. ಪಗಾರವನ್ನು ಪೂರ್ತಿ ಹೆಂಡತಿಯ ಕೈಗಿಟ್ಟು, ಸ್ಕೂಟರಿನ ಪೆಟ್ರೋಲಿಗೂ ಅವಳನ್ನೇ ಕೇಳುವ ಗಂಡಸು. ಭಾನುವಾರ ಬೆಳಿಗ್ಗೆ ತಾಯಿ ನಾಗಲಿಂಗಮ್ಮನನ್ನು ಹಿಂದೆ ಕೂರಿಸಿಕೊಂಡು, ಮಠದ ಪ್ರವಚನಕ್ಕೆ ಬಿಡುತ್ತೇನೆಂದು ಹೊರಡುತ್ತಿದ್ದ. ತಾಯಿ ಮಗ ತಿರುಗಿ ಬರುತ್ತಿದ್ದುದು ಹೊತ್ತು ಇಳಿದ ಮೇಲೆ. ಅಷ್ಟು ಹೊತ್ತು ಅವನಿಗೆ ಎಲ್ಲಿ ಏನು ಕೆಲಸ?

ಮನೆಯಿಂದ ಒಂದೊಂದೇ ಸಾಮಾನು ಹೋಗತೊಡಗಿತು. ಮೊದಲು ಸೊಳ್ಳೆಪರದೆಯ ಒಂದು ಕೋಲು. ಆಮೇಲೆ ಇನ್ನೊಂದು. ದಪ್ಪ ಸೂಜಿ, ನೈಲಾನು ದಾರ. ಚಪಾತಿಗೆ ನಾದಿಟ್ಟ ಕಣಕದಲ್ಲಿ ಒಂದು ಹಿಡಿ. ಕೇಳಿದರೆ, "ಇಲಿ ಎಳಕೊಂಡು ಹೋಗಿರಬೇಕು" ಅನ್ನುತ್ತಿದ್ದ. ಪರದೆಯ ಕೋಲು ಎಳೆಯುವ ಇಲಿ! ಎಲ್ಲೋ ಇನ್ನೊಂದು ಮನೆ ಹೂಡುತ್ತಿದ್ದಾನೆ ಎಂದು ಅಮೃತಾಳ ಎದೆ ಹೇಳಿತು.

ತಡೆಯಲಾರದೆ ಅತ್ತೆಯ ಬಳಿ ಬಾಯಿಬಿಟ್ಟಳು. ಮಾವ ತೀರಿಕೊಂಡಾಗಿನಿಂದ ನಾಗಲಿಂಗಮ್ಮನ ಮುಖದಲ್ಲಿ ನಗು ಕಂಡವರಿಲ್ಲ. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯುತ್ತಿತ್ತು. ಭಾನುವಾರ ಮಾತ್ರ, ಪ್ರವಚನದ ಪುಣ್ಯವೋ ಏನೋ, ಮನೆಗೆ ಬಂದವಳೇ ಕೈಗೆಲ್ಲ ವಿಭೂತಿ ತಿಕ್ಕಿಕೊಂಡು ಹೊಟ್ಟೆತುಂಬ ಉಣ್ಣುತ್ತಿದ್ದಳು.

"ನನ ಮಗ ಅಂಥಾವ ಅಲ್ಲವ್ವ," ಅಂದಳು ಅತ್ತೆ, ಎತ್ತಲೋ ನೋಡುತ್ತ. "ಗದ್ದಲ ಮಾಡಬ್ಯಾಡ. ಸುಮ್ನ ಕುಂತು ನೋಡು."

ಸುಮ್ಮನೆ ಕೂರುವುದಾದರೂ ಹೇಗೆ? ಮರುವಾರ ಕಾಯಿಪಲ್ಲೆ ಮಾರುವ ಸುಂಕಮ್ಮ ತಕ್ಕಡಿ ಕೆಳಗಿಟ್ಟು, ದನಿ ತಗ್ಗಿಸಿದಳು.

"ಯವ್ವಾ, ಹೇಳಬಾರದು. ನಿಮ್ಮನಿಯವ್ರ ಗಾಡಿ ಹಂಪಸಾಗರದ ಹೊಳಿ ದಂಡ್ಯಾಗ ಕಂಡೆ. ಅಲ್ಲೇ ಬಂಡಿಗಲ್ಲಿನ ಮರಿಗೆ ಯಾವಾಕಿನೋ ನಗತಿದ್ಲು."

"ಯಾರು?"

"ಮಾರಿ ಕಾಣಲಿಲ್ಲ ತಾಯಿ. ನಗು ಅಷ್ಟ ಕೇಳಸ್ತು. ಏನ್ ನಗು ಅಂತಿ!"

ಆ ಭಾನುವಾರ ಸ್ಕೂಟರು ಓಣಿ ದಾಟಿದ ಮೇಲೆ ಅಮೃತಾ ನಾಲ್ಕು ಸೀರೆ ಚೀಲಕ್ಕೆ ತುರುಕಿದಳು. ಸುಂಕಮ್ಮನ ಮಾತು ನಿಜವಾದರೆ ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ. ಹಾಗೇ ಹಡಗಲಿಗೆ, ತವರಿಗೆ. ಬಾಯಿಗೆ ನೀರೂ ಹಾಕಿಕೊಳ್ಳದೆ ಹೊರಟಳು. ಹಂಪಸಾಗರದ ಆಟೋದಲ್ಲಿ ಗುರುತಿಲ್ಲದ ಮುದುಕಿಯೊಬ್ಬಳು ಅವಳ ಮುಖ ನೋಡಿ, ಸರಿದು ಒಳಗೆ ಜಾಗ ಕೊಟ್ಟಳು.

ಹೊಳೆ ದಂಡೆಯಲ್ಲಿ ಗಾಳಿ ಜೋರಿತ್ತು. ಜಾಲಿ ಮರದ ಕೆಳಗೆ ಸ್ಕೂಟರು. ಸ್ವಲ್ಪ ದೂರದಲ್ಲಿ ಗವಿಸಿದ್ದೇಶ, ಪ್ಯಾಂಟು ಮಡಚಿ, ನೀರಿಗೆ ಕೋಲು ಚಾಚಿ ಕೂತಿದ್ದ. ಅವಳ ಸೊಳ್ಳೆಪರದೆಯ ಕೋಲು.

"ಏನ್ರಿ ಇದು?"

ಅವನು ಬೆಚ್ಚಿ ಎದ್ದು ನಿಂತ. ದಾರದ ತುದಿಯಲ್ಲಿ ಬೆರಳುದ್ದದ ಮೀನು ಒದ್ದಾಡುತ್ತಿತ್ತು.

ಲಿಂಗ ಕಟ್ಟಿದ ಮನೆ. ಪಕ್ಕದವರು ಮೀನು ಹುರಿಯುತ್ತಾರೆಂದು ಹಿಂದಿನ ಬಾಡಿಗೆ ಮನೆಯನ್ನೇ ಬಿಡಿಸಿದವಳು ಅಮೃತಾ.

"ಅಂಗಡ್ಯಾಗಿನ ಗಾಳ ನಮ್ಮಂಥೋರ ಕೈಗೆ ನಿಲಕತೈತೇನು?" ಗವಿಸಿದ್ದೇಶ ತೊದಲಿದ. "ರೊಕ್ಕ ಕೇಳಿದ್ರ ಯಾತಕ್ಕ ಅಂತಿದ್ದಿ. ಅದಕ್ಕ ನಿನ್ನ ಸೂಜಿ ಕಾಸಿ ಬಗ್ಗಿಸಿದೆ. ತೇಲಾಕ ಹಳೀ ಚಪ್ಪಲಿ ತುಂಡು. ಕಣಕದ ಉಂಡಿ ಕಟ್ಟಿದ್ರ ಬರತಾವ."

"ಕೈಯಾಗಿನ ಮಲ್ಲಿಗಿ?"

"ಸಂತಿ ಕಟ್ಟಿ ಮ್ಯಾಲ ಉದುರಿದ್ದು. ಮೀನಿನ ನೀಸು ವಾಸನಿ ನಿನಗ ಬಡೀಬಾರದಂತ ತಿಕ್ಕೋತಿದ್ದೆ."

ಅಮೃತಾಗೆ ಅಳು ಬಂತು, ನಗುವೂ ಬಂತು. ಒಂದು ಗಳಿಗೆ ಚೀಲ ಹಗುರಾಯಿತು.

"ಇದನ್ನ ತಿಂತೀರೇನು?"

"ಛೇ, ಶಿವನೇ! ಹಿಡಿದು ತಿರುಗಿ ಹೊಳಿಗೇ ಬಿಡತೀವಿ."

"ಯಾರ್ಯಾರು?"

ಅವನು ತುಟಿ ಕಚ್ಚಿದ. ಕಣ್ಣು ದೊಡ್ಡ ಬಂಡೆಯ ಕಡೆ ಹೋಗಿ ಬಂತು.

"ಹಂಗಾರ ಸುಂಕಮ್ಮ ಅಂದದ್ದು ಖರೇ. ಯಾರಾಕಿ?"

"ಅಮೃತಾ, ನಿನಗ ಕೈ ಮುಗೀತೀನಿ. ಈಗ ಮನಿಗೆ ಹೋಗು. ಅವ್ವನ ಮುಂದ ಮಾತ್ರ ಈ ಸುದ್ದಿ ತೆಗೀಬ್ಯಾಡ. ಆಕಿ ಮನಸಿಗೆ ಹಚ್ಚಿಕೊಂತಾಳ."

"ಅತ್ತಿಗೇ ಮೊದ್ಲು ಹೇಳತೀನಿ. ಈಗಿಂದೀಗ ಮಠಕ್ಕ ಹೋಗಿ ಅವರ ಕಾಲು ಮುಟ್ಟಿ, ಹಡಗಲಿ ಬಸ್ ಹತ್ತತೀನಿ!"

ಅಷ್ಟರಲ್ಲಿ ಬಂಡೆಯಾಚೆಯಿಂದ ನಗು ಕೇಳಿಸಿತು. ಹೆಂಗಸಿನ ನಗು. ಯಾರ ಹಂಗೂ ಇಲ್ಲದ, ಎಳೆ ಹುಡುಗಿಯಂಥ ಬಿಚ್ಚು ನಗು. ಈ ಮನೆಗೆ ಬಂದ ಮೇಲೆ ತಾನು ಒಮ್ಮೆಯಾದರೂ ಹೀಗೆ ನಕ್ಕಿದ್ದೇನೆಯೇ? ಅಮೃತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದಳು. ಗಂಡ ಹಿಡಿಯಲು ಬಂದ; ಕೈ ಕೊಡವಿಕೊಂಡು ಬಂಡೆಯ ಮೂಲೆ ತಿರುಗಿದಳು.

ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ಜಗ್ಗುತ್ತಿದ್ದ ಕೋಲನ್ನು ಒಂದು ಕೈಯಲ್ಲಿ ಬಿಗಿಹಿಡಿದು ಕೂತಿದ್ದ ಆ ಹೆಂಗಸು ಅಮೃತಾಳನ್ನು ಕಂಡದ್ದೇ ನಗು ನಿಲ್ಲಿಸಿದಳು. ಅವಳ ಬಾಡಿದ ಮುಖವನ್ನೂ ಸೀರೆಯ ಚೀಲವನ್ನೂ ನೋಡಿ, ಇನ್ನೊಂದು ಕೈಯಿಂದ ತನ್ನ ಪಾಲಿನ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, ಸೊಸೆಯ ಕೈಗಿಟ್ಟಳು.