ಇನ್ನೊಬ್ಬರು ನೋಡಿದ ಮೇಲೆ

"ಲೈನ್ ಆಫ್ ಮಾಡಿ ಅರ್ತ್ ಸ್ವಿಚ್ ಹಾಕಿದ್ದೀನಿ, ಕಂಬ ಹತ್ತು ಕಣ್ಲಾ," ಎಂದು ಸಬ್‌ಸ್ಟೇಷನ್ ಆಪರೇಟರ್ ಧರ್ಮೇಶ್ ಫೋನಿನಲ್ಲಿ ಹೇಳಿದ.

ಬಸ್ತಿಹಳ್ಳಿಯ ಕಂಬದ ಬುಡದಲ್ಲಿದ್ದ ಲೈನ್‌ಮನ್ ಗಿಡ್ಡಯ್ಯ ಹತ್ತದೆ, "ಇಂಜಿನಿಯರ್ ಇಂದು ಮೇಡಂ ಒಂದ್ಸಲ ನೋಡಿದ್ರಾ?" ಎಂದ.

ಧರ್ಮೇಶನಿಗೆ ಹೊಟ್ಟೆ ಉರಿಯಿತು. ಹದಿನೆಂಟು ವರ್ಷ ತನ್ನ ಮಾತೊಂದನ್ನೇ ನಂಬಿ ಕಂಬ ಹತ್ತಿದವನು ಗಿಡ್ಡಯ್ಯ. ಇಂದು ಎಂಬ ಈ ಇಂಜಿನಿಯರ್ ಸಬ್‌ಸ್ಟೇಷನ್ನಿಗೆ ಬಂದು ಇನ್ನೂ ಆರು ತಿಂಗಳು. 'ನೋಡಿದ್ರು' ಅಂದುಬಿಡಬಹುದಿತ್ತು. ಆದರೆ ಇದು ಹತ್ತುವವನ ಜೀವದ ಮಾತು. "ತಡಿ," ಎಂದು ಅವಳನ್ನು ಕರೆದ.

ಇಂದು ಯಾರ್ಡಿಗೆ ಹೋಗಿ ತಂತಿಗಳನ್ನು ನೆಲಕ್ಕೆ ಸೇರಿಸುವ ಆ ಸ್ವಿಚ್ಚಿನ ಮೂರೂ ತೋಳುಗಳು ಸರಿಯಾಗಿ ಕೂತಿವೆಯೇ ಎಂದು ನೋಡಿ ಬಂದು ಫೋನ್ ತೆಗೆದುಕೊಂಡಳು. "ಧರ್ಮೇಶಣ್ಣ ಸರಿಯಾಗೇ ಹಾಕಿದ್ದಾರೆ, ಹತ್ತಿ."

"ಸರಿ ಮೇಡಂ, ಹತ್ತೀನಿ."

ತನ್ನ ಕೆಲಸದಲ್ಲಿ ತಪ್ಪು ಸಿಕ್ಕಿದ್ದರೂ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ ಅನ್ನಿಸಿತು ಧರ್ಮೇಶನಿಗೆ.