ಕುರಿಯಿಲ್ಲದ ಕುರಿಗಾರ

ಧರೆಪ್ಪ ಇವತ್ತೂ ಬಂದು ಗೇಟಿನ ಹೊರಗೆ ನಿಂತಿದ್ದ. ಹೊಲಿಗೆಯ ಗಾಯಕ್ಕೆ ಮುಲಾಮು ಹಚ್ಚುತ್ತಿದ್ದ ರಾಜಮತಿ ಕೈ ತಡೆದು, ನಾಯಿಯ ಕಾಲಿನ ಮೇಲೆ ತನ್ನ ಸೆರಗು ಎಳೆದಳು.

ಸರದಾರ ಮುಧೋಳ ತಳಿಯ ನಾಯಿ. ಎದ್ದು ನಿಂತರೆ ಅವಳ ಸೊಂಟದೆತ್ತರ. ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕು ಹಿಂಗಾಲು ಮುರಿದಿತ್ತು. ಡಾಕ್ಟರು ಆಪರೇಷನ್ ಮಾಡಿ ಒಳಗೆ ಉಕ್ಕಿನ ರಾಡು ಕೂಡಿಸಿದ್ದರು. ಎಲುಬು ಕೂಡುವ ಮೊದಲು ಓಡಿದರೆ ಆ ಕಾಲಿನ ಆಸೆ ಬಿಡಿ ಎಂದಿದ್ದರು. ಅಂದಿನಿಂದ ರಾಜಮತಿ ತನ್ನ ಹಳೆಯ ಇಳಕಲ್ ಸೀರೆಯನ್ನು ಅದರ ಹೊಟ್ಟೆಯಡಿ ಜೋಲಿಯಂತೆ ಹಾಕಿ, ಎತ್ತಿ ಹಿಡಿದು ಅಂಗಳದಲ್ಲಿ ನಡೆಸುತ್ತಿದ್ದಳು.

ಹೋದ ತಿಂಗಳು ಪಕ್ಕದ ತೋಟದಿಂದ ಇಂಥದೇ ನಾಯಿ ಕಳುವಾಗಿತ್ತು. ಕಳ್ಳನ ಕೈಗೆ ಸಿಕ್ಕರೆ ಈ ಕಾಲು ಮುಗಿದಂತೆಯೇ.

ಧರೆಪ್ಪನ ಕುರಿಹಿಂಡು ಎದುರು ಹೊಲದಲ್ಲಿ ಬೀಡುಬಿಟ್ಟಿತ್ತು. ಬೆಳಗಾದರೆ ಹೆಂಡತಿ ಹೊಳೆವ್ವ ಒಬ್ಬಳೇ ಕುರಿಗಳ ಹಿಂದೆ ಹೋಗುತ್ತಿದ್ದಳು. ಇವನು ಮಾತ್ರ ಇಲ್ಲಿ. ಬರುವುದು ಕಾಣದು, ಹೋಗುವುದು ಕಾಣದು, ನೋಡುವಷ್ಟರಲ್ಲಿ ನಿಂತಿರುತ್ತಿದ್ದ. ಹೆಗಲಿಗೆ ಕಂಬಳಿ, ಕುರಿಗಾರರೆಲ್ಲ ನಿಲ್ಲುವಂತೆ ಕೋಲಿಗೆ ಮೈಯಾನಿಸಿ, ಒಂದೇ ಕಾಲಿನ ಮೇಲೆ ಭಾರ. ಕಣ್ಣು ನಾಯಿಯ ಮುಖದ ಮೇಲಲ್ಲ, ಕಾಲಿನ ಮೇಲೆ.

"ರಾತ್ರಿ ನರಳತೈತೇನ್ರೀ ಅಕ್ಕಾರ?"

"ಯಾಕ?"

"ಸುಮ್ನ ಕೇಳಿದ್ನಿ."

ರಾತ್ರಿ ಯಾರು ಎಚ್ಚರವಿರುತ್ತಾರೆಂದು ತಿಳಿಯಬೇಕು ಇವನಿಗೆ. "ಅದೂ ಎಚ್ಚರಿರತೈತಿ, ನಾನೂ ಇರತೀನಿ," ಎಂದಳು.

ಗಂಡ ಪಾರಿಸಪ್ಪ ಕಟ್ಟೆಯ ಮೇಲಿಂದಲೇ ಕರೆದ. "ಒಳಗ ಬಾರೋ. ಕೂಡು, ಚಾ ಕುಡಿ."

"ಬ್ಯಾಡ್ರೀ ಯಪ್ಪಾ. ನಮಗ ನಿಂತ ರೂಢಿ."

ಕೂತವನಿಗೆ ಎದ್ದು ಓಡಲು ತಡವಾದೀತಲ್ಲ! ಆದರೂ ಬಿಸಿಲಲ್ಲಿ ನಿಂತವನಿಗೆ ರಾಜಮತಿ ಗೇಟಿನ ಮೇಲಿಂದಲೇ ಚಹಾ ಕೊಟ್ಟಳು.

ಮರುದಿನ ಅವನು ಕಂಬಳಿಯ ತುಂಡೊಂದನ್ನು ತಂದ. "ಫರಸಿ ಕಲ್ಲಿನ ತಂಪ ಕಾಲಿಗೆ ಹಿಡಿತೈತ್ರಿ. ಇದರ ಮ್ಯಾಲ ಮಲಗಿಸ್ರಿ."

ಮೈವಾಸನೆ ರೂಢಿಯಾದರೆ ನಾಯಿ ಬೊಗಳುವುದಿಲ್ಲ. ಅವಳು ಕಂಬಳಿಯನ್ನು ಒಗೆದು, ಒಣಗಿಸಿ, ಮತ್ತೆ ಒಗೆದು, ಆಮೇಲೆ ಹಾಸಿದಳು.

"ಅವನ ಕಣ್ಣು ನಾಯಿ ಮ್ಯಾಲ ಐತಿ," ಎಂದಳು ಗಂಡನಿಗೆ.

"ನಿನ್ನ ಕಣ್ಣು ಅವನ ಮ್ಯಾಲ ಐತಿ. ನಾಯಿ ನೋಡವ್ರು ಯಾರು ಮತ್ತ?" ಪಾರಿಸಪ್ಪ ನಕ್ಕ.

ಒಂದು ದಿನ ಧರೆಪ್ಪ ಕೇಳಿಯೇಬಿಟ್ಟ. "ಅಕ್ಕಾರ, ಇಂಥಾ ಕಾಲು ಮುಂದ ದಿನಾ ಕುರಿ ಹಿಂದ ಅಡ್ಡಾಡೀತೇನ್ರಿ?"

ಬಾಯಿಬಿಟ್ಟು ಹೇಳಿದಂತಾಯಿತು. ಅಂದೇ ಗೇಟಿಗೆ ಹೊಸ ಬೀಗ ಬಿತ್ತು.

ಕೊನೆಗೆ ಡಾಕ್ಟರು ಜೋಲಿ ಬಿಚ್ಚಲು ಒಪ್ಪಿದರು. ರಾಜಮತಿ ಮೆಲ್ಲಗೆ ಸೀರೆಯನ್ನು ಸಡಿಲಿಸಿದಳು. ಸರದಾರ ತಡವರಿಸಿತು, ನಿಂತಿತು, ನಾಲ್ಕೂ ಕಾಲೂರಿ ನಡೆಯಿತು. ನಡೆದದ್ದು ನೇರ ಗೇಟಿನ ಕಡೆಗೆ, ಬಾಲವಾಡಿಸುತ್ತ. ಆಚೆ ನಿಂತಿದ್ದ ಧರೆಪ್ಪನ ಕಣ್ಣಲ್ಲಿ ನೀರು ತುಂಬಿತ್ತು.

ರಾಜಮತಿ ಅಡ್ಡ ಬಂದು ನಿಂತಳು. "ಖರೆ ಹೇಳೋ. ನನ್ನ ನಾಯಿ ನಿನಗ್ಯಾಕ ಬೇಕು?"

"ನಾಯಿ ಯಾಕ ಬೇಕ್ರೀ ನನಗ?" ಅವನು ಕಣ್ಣೊರೆಸಿಕೊಳ್ಳಲು ಎರಡೂ ಕೈ ಎತ್ತಿದ. ಕೋಲು ಜಾರಿ ಬಿತ್ತು. ಧರೆಪ್ಪ ಗೇಟಿನ ಸರಳು ಹಿಡಿದು ಜೋತುಬಿದ್ದ.

"ನನ್ನ ಕಾಲಿಗೂ ರಾಡು ಹಾಕಬೇಕಂತ ಅಂದಾರ್ರೀ ಅಕ್ಕಾರ. ಅಂಜಿದ್ನಿ... ನಾಳೆ ದವಾಖಾನಿಗೆ ಹೋಗತೀನಿ."